ಕಿರೀಟ ತೊಟ್ಟರೂ ಕಟ್ಟುಪಾಡು ತಪ್ಪದು

ಚೆಕರ್ಸ್ ಹಲಗೆಯ ಮುಂದೆ ಕೂತ ಅಣ್ಣ ತಂಗಿಯರ ನಡುವೆ ಜಗಳ ಏಳಲು ಒಂದು ಪ್ರಶ್ನೆ ಸಾಕು: ರಾಜ ಎಷ್ಟು ದೂರ ಹೋಗಬಹುದು? ‘ಎಷ್ಟು ಮನೆ ಬೇಕಾದರೂ’ ಎಂದು ಒಬ್ಬರ ವಾದ. ‘ಒಂದೇ ಮನೆ’ ಎಂದು ಇನ್ನೊಬ್ಬರ ಪಟ್ಟು. ತಮಾಷೆಯೆಂದರೆ ಇಬ್ಬರೂ ಸರಿ! ಒಂದೇ ಆಟಕ್ಕೆ ಬೇರೆ ಬೇರೆ ದೇಶಗಳಲ್ಲಿ ಬೇರೆ ಬೇರೆ ನಿಯಮಗಳು ಬೆಳೆದಿವೆ.

ಬ್ರಿಟನ್ನಿನಲ್ಲಿ ಡ್ರಾಫ್ಟ್ಸ್, ಅಮೆರಿಕದಲ್ಲಿ ಚೆಕರ್ಸ್ ಎನ್ನುವ ಆಟಕ್ಕೆ ಚದುರಂಗದ ಹಲಗೆಯೇ ಸಾಕು. ಅದರ 64 ಮನೆಗಳಲ್ಲಿ 32 ಕಪ್ಪು ಮನೆಗಳು ಮಾತ್ರ ಬಳಕೆಗೆ. ಒಬ್ಬೊಬ್ಬರಿಗೆ 12 ಕಾಯಿ. ಸಾಮಾನ್ಯ ಕಾಯಿ ಓರೆಯಾಗಿ ಒಂದು ಮನೆ ಮುಂದೆ ಹೋಗಬಲ್ಲದು, ಹಿಂದೆ ಬರುವಂತಿಲ್ಲ. ಅದು ಎದುರಾಳಿಯ ಕೊನೆಯ ಸಾಲನ್ನು ಮುಟ್ಟಿದೊಡನೆ ಮೇಲೊಂದು ಕಾಯಿ ಇಟ್ಟು ಕಿರೀಟ ತೊಡಿಸುತ್ತಾರೆ. ಅದೇ ರಾಜ.

ರಾಜನಿಗೆ ಸಿಗುವ ಹೆಚ್ಚಿನ ಹಕ್ಕು ಒಂದೇ: ಹಿಂದಕ್ಕೂ ನಡೆಯಬಹುದು, ಹಿಂದಕ್ಕೂ ಹೊಡೆಯಬಹುದು. ದೂರ ಮಾತ್ರ ಅದೇ ಒಂದು ಮನೆ. ಹುಲಿ-ಕುರಿ ಆಟದ ಹುಲಿಯಂತೆ, ಪಕ್ಕದ ಮನೆಯಲ್ಲಿರುವ ಎದುರಾಳಿ ಕಾಯಿಯ ಮೇಲಿಂದ ಹಾರಿ ಅದರಾಚೆಯ ಖಾಲಿ ಮನೆಗೆ ಇಳಿದರೆ ಆ ಕಾಯಿ ಸತ್ತಂತೆ. ಇಳಿದ ಜಾಗದಿಂದ ಇನ್ನೊಂದು ಸಿಕ್ಕರೆ ದಿಕ್ಕು ಬದಲಿಸಿ ಅದನ್ನೂ ಹೊಡೆಯಬೇಕು. ಆದರೆ ಹೊಡೆಯುತ್ತಾ ಕೊನೆಯ ಸಾಲು ತಲುಪಿದ ಸಾಮಾನ್ಯ ಕಾಯಿ ಕಿರೀಟ ಪಡೆದು ಅಲ್ಲಿಗೇ ನಿಲ್ಲಬೇಕು. ರಾಜನಾಗಿ ಹೊಡೆಯಲು ಮುಂದಿನ ಸರದಿಗೆ ಕಾಯಬೇಕು.

ಹೊಡೆಯುವ ಅವಕಾಶವಿದ್ದರೆ ಬಿಡುವಂತಿಲ್ಲ ಎಂಬುದು ಆಟದ ಜೀವಾಳ. ಈ ಕಟ್ಟುಪಾಡಿನಿಂದ ರಾಜನಿಗೂ ವಿನಾಯಿತಿ ಇಲ್ಲ. ಜಾಣ ಎದುರಾಳಿ ರಾಜನ ಪಕ್ಕಕ್ಕೆ ಬೇಕೆಂದೇ ಒಂದು ಕಾಯಿ ತಳ್ಳುತ್ತಾನೆ. ರಾಜ ಅದನ್ನು ಹೊಡೆಯಲೇಬೇಕು. ಇಳಿದ ಮನೆಯ ಪಕ್ಕದಲ್ಲಿ ಹೊಂಚು ಹಾಕಿದ್ದ ಕಾಯಿ ರಾಜನನ್ನೂ ಅವನಾಚೆಗಿದ್ದ ಇನ್ನೊಂದನ್ನೂ ಒಂದೇ ಓಟದಲ್ಲಿ ನುಂಗುತ್ತದೆ. ಚದುರಂಗದ ರಾಜನಂತೆ ಇವನಿಗೆ ಕಾವಲಿಲ್ಲ. ಸಾಮಾನ್ಯ ಕಾಯಿಯ ಕೈಯಲ್ಲೂ ಸಾಯುವ ರಾಜ ಇವನು!

ಹಿಂದೆ, ಹೊಡೆಯಲು ಮರೆತವನ ಕಾಯಿಯನ್ನೇ ಎತ್ತಿಹಾಕುವ ರೂಢಿಯಿತ್ತು. ಇಂದಿನ ಪಂದ್ಯಗಳಲ್ಲಿ ಅದಿಲ್ಲ. ತಪ್ಪು ನಡೆಯನ್ನು ಹಿಂತೆಗೆದು ಹೊಡೆಯಬೇಕು, ಅಷ್ಟೆ.

ಇನ್ನು ‘ಹಾರುವ ರಾಜ’ನ ಕಥೆ. ಅಂತರರಾಷ್ಟ್ರೀಯ ಡ್ರಾಫ್ಟ್ಸ್‌ನಲ್ಲಿ 100 ಮನೆಗಳ ಹಲಗೆ, ತಲಾ 20 ಕಾಯಿ. ಇಲ್ಲಿ ರಾಜ ಖಾಲಿಯಿರುವ ಓರೆ ದಾರಿಯಲ್ಲಿ ಎಷ್ಟು ದೂರವಾದರೂ ಸಾಗಬಹುದು. ದೂರದ ಕಾಯಿಯನ್ನು ಹೊಡೆದು ಅದರಾಚೆಯ ಯಾವ ಖಾಲಿ ಮನೆಯಲ್ಲಾದರೂ ಇಳಿಯಬಹುದು. ಒಂದರ ಹಿಂದೊಂದು ಅಂಟಿಕೊಂಡಿರುವ ಎರಡು ಕಾಯಿಗಳನ್ನು ಮಾತ್ರ ದಾಟುವಂತಿಲ್ಲ. ಹಲವು ದಾರಿಗಳಿದ್ದರೆ ಹೆಚ್ಚು ಕಾಯಿ ಸಿಗುವ ದಾರಿಯನ್ನೇ ಹಿಡಿಯಬೇಕು. ರಷ್ಯನ್ ಪದ್ಧತಿಯಲ್ಲಿ 64 ಮನೆಗಳ ಹಲಗೆಯಲ್ಲೇ ರಾಜ ಹಾರುತ್ತಾನೆ. ಅಲ್ಲಿ ಮೂಲೆಯಿಂದ ಮೂಲೆಗೆ ಹೋಗುವ ಉದ್ದನೆಯ ಓರೆ ದಾರಿಯನ್ನು ಹಿಡಿದು ಕೂತ ಒಂಟಿ ರಾಜನನ್ನು ಮೂವರು ರಾಜರು ಸೇರಿದರೂ ಸೋಲಿಸಲಾರರು.

ಹಾಗಾದರೆ ಒಂದೇ ಮನೆ ನಡೆಯುವ ರಾಜನ ಆಟ ಸುಲಭವೇ? ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಜೊನಾಥನ್ ಶೇಫರ್ ಮತ್ತು ಸಂಗಡಿಗರು 1989ರಲ್ಲಿ ‘ಚಿನೂಕ್’ ಎಂಬ ಕಂಪ್ಯೂಟರ್ ಪ್ರೋಗ್ರಾಮಿನ ಕೆಲಸ ಆರಂಭಿಸಿದರು. 1992ರಲ್ಲಿ ಗಣಿತದ ಪ್ರಾಧ್ಯಾಪಕ, ವಿಶ್ವ ಚಾಂಪಿಯನ್ ಮೇರಿಯನ್ ಟಿನ್ಸ್ಲೆ ಲಂಡನ್ನಿನಲ್ಲಿ ಅದನ್ನು ಸೋಲಿಸಿದರು. ಹಲಗೆಯ ಮೇಲೆ 10 ಅಥವಾ ಅದಕ್ಕಿಂತ ಕಡಿಮೆ ಕಾಯಿಗಳು ಉಳಿಯುವ ಎಲ್ಲ ಸ್ಥಿತಿಗಳನ್ನೂ ಲೆಕ್ಕ ಹಾಕಿದ ಶೇಫರ್ ತಂಡ ಕೊನೆಗೆ 2007ರಲ್ಲಿ ಉತ್ತರ ಪ್ರಕಟಿಸಿತು: ಇಬ್ಬರೂ ತಪ್ಪಿಲ್ಲದೆ ಆಡಿದರೆ ಆಟ ಸಮ! ಆ ಉತ್ತರಕ್ಕೆ ಬೇಕಾದದ್ದು 18 ವರ್ಷ.

ತಪ್ಪಿಲ್ಲದೆ ಆಡುವುದು ಮನುಷ್ಯರಿಗೆ ಕಷ್ಟ. ಆದ್ದರಿಂದಲೇ ಆಟಕ್ಕೆ ಇನ್ನೂ ರುಚಿಯಿದೆ. ಮಕ್ಕಳೊಂದಿಗೆ ಆಡಲು ಕೂರುವ ತಂದೆ ತಾಯಿ, ಕಾಯಿ ಜೋಡಿಸುವ ಮುನ್ನವೇ ಮೂರು ವಿಷಯ ತೀರ್ಮಾನಿಸುವುದು ಒಳ್ಳೆಯದು: ರಾಜ ನಡೆಯುವವನೋ ಹಾರುವವನೋ? ಹಲವು ದಾರಿಗಳಿದ್ದರೆ ಆಯ್ಕೆ ಯಾರದು? ಹೊಡೆಯುತ್ತಾ ಕಿರೀಟ ಪಡೆದ ಕಾಯಿ ನಿಲ್ಲಬೇಕೋ, ಮುಂದುವರಿಯಬೇಕೋ? ನಿಯಮ ಮೊದಲೇ ಗೊತ್ತಿದ್ದರೆ ಸೋತ ಮಗುವೂ ಮುನಿಸಿಲ್ಲದೆ ಇನ್ನೊಂದು ಆಟಕ್ಕೆ ಕಾಯಿ ಜೋಡಿಸುತ್ತದೆ.