ಸಂಕಲ್ಪದಿಂದ ಆಚರಣೆಗೆ: ದಿನದ ಕಾರ್ಯಪಟ್ಟಿ

ಶ್ರಾವಣ ಮಾಸದ ಪ್ರವಚನಗಳು ಮುಗಿದು ಕೆಲವು ವಾರಗಳು ಕಳೆದ ಮೇಲೆ ನಮ್ಮ ಚಿಕಿತ್ಸಾಲಯಕ್ಕೆ ಬರುವವರಲ್ಲಿ ಒಂದು ಬಗೆಯ ಬೇಸರವನ್ನು ನಾವು ಪ್ರತಿವರ್ಷವೂ ಕಾಣುತ್ತೇವೆ. ತಿಂಗಳ ಪರ್ಯಂತ ಸತ್ಸಂಗದಲ್ಲಿ ಕುಳಿತು ಒಳ್ಳೆಯ ಮಾತುಗಳನ್ನು ಕೇಳಿ, ಇನ್ನು ಮುಂದೆ ಬೆಳಗಿನ ಜಾವ ಏಳಬೇಕು, ನಿತ್ಯ ನಡೆಯಬೇಕು, ಕೋಪವನ್ನು ಬಿಡಬೇಕು ಎಂದು ಸಂಕಲ್ಪಿಸಿದವರು ಮಹಾನವಮಿ ಬರುವಷ್ಟರಲ್ಲಿ ಹಳೆಯ ಜಾಡಿಗೇ ಮರಳಿರುತ್ತಾರೆ. ದೇಹದ ದಣಿವಿಗಿಂತ ತಮ್ಮ ಮೇಲೆ ತಮಗೇ ಉಂಟಾದ ಅಪನಂಬಿಕೆ ಅವರನ್ನು ಹೆಚ್ಚು ಕುಗ್ಗಿಸಿರುತ್ತದೆ.

ಕೆಲವು ವರ್ಷಗಳ ಹಿಂದೆ ಹೀಗೆಯೇ ನಿವೃತ್ತ ಶಿಕ್ಷಕರೊಬ್ಬರು ಬಂದರು. ವಯಸ್ಸು 61, ಒಂಬತ್ತು ವರ್ಷಗಳಿಂದ ಮಧುಮೇಹ. ಚೀಲದಿಂದ ಒಂದು ನೋಟುಪುಸ್ತಕವನ್ನು ತೆಗೆದು ನಮ್ಮ ಮೇಜಿನ ಮೇಲಿಟ್ಟರು. ಮುದ್ದಾದ ಅಕ್ಷರಗಳಲ್ಲಿ 19 ನಿತ್ಯಕಾರ್ಯಗಳ ಪಟ್ಟಿ. ಪ್ರತಿಯೊಂದರ ಮುಂದೆ ದಿನಕ್ಕೊಂದು ಮನೆ. ಮೊದಲ ಎಂಟು ದಿನಗಳ ಮನೆಗಳಲ್ಲೆಲ್ಲ ಗುರುತುಗಳಿದ್ದವು; ಒಂಬತ್ತನೆಯ ದಿನ ಐದಾರು; ಆಮೇಲೆ ಪುಟವೆಲ್ಲ ಬರಿದು. "ಔಷಧದ ಮಾತು ಆಮೇಲೆ ಇರಲಿ ಡಾಕ್ಟರೇ, ಮೊದಲು ನನ್ನ ಮನಸ್ಸು ಗಟ್ಟಿಯಾಗಲು ಏನಾದರೂ ಕೊಡಿರಿ" ಎಂದರು. ಅವರ ಮನಸ್ಸು ಗಟ್ಟಿಯಾಗಿಯೇ ಇತ್ತು. ದೋಷವಿದ್ದುದು ಪಟ್ಟಿಯಲ್ಲಿ.

ಈ ಮಾತನ್ನು ಅವರಿಗೆ ಧೈರ್ಯದಿಂದ ಹೇಳಲು ನಮಗೆ ಸಾಧ್ಯವಾದುದು ನಮ್ಮದೇ ಅನುಭವದಿಂದ. ನಮ್ಮ 57ನೆಯ ವಯಸ್ಸಿನಲ್ಲಿ ಒಂದು ಆರೋಗ್ಯ ಶಿಬಿರದ ಬಿಡುವಿನಲ್ಲಿ ಕಿರಿಯ ವೈದ್ಯರೊಬ್ಬರು ತಮಾಷೆಗೆಂದು ನಮ್ಮ ತೋಳಿಗೇ ಪಟ್ಟಿ ಸುತ್ತಿ ರಕ್ತದೊತ್ತಡವನ್ನು ನೋಡಿದರು. 164/102. ಅವರ ನಗು ನಿಂತಿತು, ನಮ್ಮದೂ ನಿಂತಿತು. ಮೂವತ್ತು ವರ್ಷಗಳಿಂದ ಸಾವಿರಾರು ಚೀಟಿಗಳಲ್ಲಿ "ನಿತ್ಯ ನಡಿಗೆ, ಮಿತ ಉಪ್ಪು, ಸಕಾಲ ನಿದ್ರೆ" ಎಂದು ಬರೆದುಕೊಟ್ಟ ಕೈ ನಮ್ಮದು. ಈ ಮೂರರಲ್ಲಿ ಒಂದನ್ನೂ ನಾವು ಪಾಲಿಸುತ್ತಿರಲಿಲ್ಲ. ತಿಳಿವಳಿಕೆಯ ಕೊರತೆ ಇರಲಿಲ್ಲ. ತಿಳಿದದ್ದು ದಿನದೊಳಗೆ ಇಳಿದಿರಲಿಲ್ಲ, ಅಷ್ಟೆ. ತಜ್ಞರ ಸಲಹೆಯಂತೆ ಔಷಧವನ್ನು ಆರಂಭಿಸಿದೆವು. ಅದೇ ರಾತ್ರಿ ರೋಗಿಗಳಿಗೆ ಬರೆಯುವ ಚೀಟಿಯ ಹಿಂಬದಿಯಲ್ಲಿ ಮರುದಿನದ ಮೂರು ಕೆಲಸಗಳನ್ನು ನಮಗಾಗಿ ಬರೆದುಕೊಂಡೆವು. ಅಂದಿನಿಂದ ಆ ಬಗೆಯ ಚೀಟಿ ನಮ್ಮ ಜೇಬಿನಲ್ಲಿದೆ.

ಶಾಸ್ತ್ರದ ದೃಷ್ಟಿ

ವಾಗ್ಭಟಾಚಾರ್ಯರು ಅಷ್ಟಾಂಗ ಹೃದಯದ ಸೂತ್ರಸ್ಥಾನದಲ್ಲಿ ಎರಡನೆಯ ಅಧ್ಯಾಯವನ್ನೇ ದಿನಚರ್ಯೆಗೆ ಮೀಸಲಿಟ್ಟಿದ್ದಾರೆ. ರೋಗಗಳ ವಿವರಣೆ, ಚಿಕಿತ್ಸೆಗಳೆಲ್ಲ ಬರುವುದು ಬಹಳ ಮುಂದೆ. ಬ್ರಾಹ್ಮೀ ಮುಹೂರ್ತದಲ್ಲಿ ಏಳುವುದು, ದಂತಧಾವನ, ಅಭ್ಯಂಗ, ವ್ಯಾಯಾಮ, ಸ್ನಾನ, ಆಹಾರ, ನಡೆನುಡಿ ಹೀಗೆ ದಿನವೊಂದು ಅಲ್ಲಿ ಕ್ರಮವಾಗಿ ಬಿಚ್ಚಿಕೊಳ್ಳುತ್ತದೆ. ಅದೂ ಒಂದು ಕಾರ್ಯಪಟ್ಟಿಯೇ. ಆಯುಷ್ಯವೆಂಬ ದೊಡ್ಡ ಗುರಿಯನ್ನು ಒಂದು ದಿನದ ಅಳತೆಗೆ ಇಳಿಸಿದ ಪಟ್ಟಿ.

ಒಳಿತೆಂದು ತಿಳಿದೂ ಮನುಷ್ಯನು ಅದನ್ನು ಏಕೆ ಮಾಡುವುದಿಲ್ಲ ಎಂಬ ಪ್ರಶ್ನೆಗೆ ಚರಕ ಸಂಹಿತೆಯು ಪ್ರಜ್ಞಾಪರಾಧವೆಂಬ ಉತ್ತರವನ್ನು ಕೊಡುತ್ತದೆ. ಧೀ, ಧೃತಿ, ಸ್ಮೃತಿ ಈ ಮೂರೂ ಕೆಟ್ಟಾಗ ಮಾಡುವ ತಪ್ಪು ನಡೆಯೇ ಪ್ರಜ್ಞಾಪರಾಧ. ಧೀ ಎಂದರೆ ಹಿತ ಅಹಿತಗಳ ವಿವೇಚನೆ. ಧೃತಿ ಎಂದರೆ ಅಹಿತದತ್ತ ಹರಿಯುವ ಮನಸ್ಸನ್ನು ಹಿಡಿದು ನಿಲ್ಲಿಸುವ ಶಕ್ತಿ. ಸ್ಮೃತಿ ಎಂದರೆ ನೆನಪು. ನಮ್ಮಲ್ಲಿ ಬಹಳ ಜನ ತಮ್ಮ ಸೋಲಿಗೆ ಧೃತಿಯ ಕೊರತೆಯೇ ಕಾರಣವೆಂದು ಭಾವಿಸುತ್ತಾರೆ. ನಮ್ಮ ಅನುಭವದಲ್ಲಿ ಹೆಚ್ಚಿನವರು ಸೋಲುವುದು ಸ್ಮೃತಿಯಲ್ಲಿ. ಸಂಕಲ್ಪ ನೆನಪಾಗಬೇಕಾದ ಗಳಿಗೆಯಲ್ಲಿ ಅದು ನೆನಪಾಗುವುದೇ ಇಲ್ಲ. ನೆನಪಾಗುವ ಹೊತ್ತಿಗೆ ಮೂರನೆಯ ಲೋಟ ಚಹ ಮುಗಿದಿರುತ್ತದೆ. ಬರೆದ ಪಟ್ಟಿ ಈ ಮೂರಕ್ಕೂ ಊರುಗೋಲು. ಬರೆಯಲು ಕುಳಿತಾಗ ಧೀ ಕೆಲಸ ಮಾಡುತ್ತದೆ, ಕಣ್ಣಿಗೆ ಬಿದ್ದಾಗ ಸ್ಮೃತಿ ಎಚ್ಚರಗೊಳ್ಳುತ್ತದೆ, ಸಂಜೆ ಗುರುತು ಹಾಕಬೇಕೆಂಬ ಅರಿವು ಧೃತಿಗೆ ಬಲ ಕೊಡುತ್ತದೆ.

ಪಟ್ಟಿಯನ್ನು ಬರೆಯುವ ಬಗೆ

ಮೊದಲನೆಯದಾಗಿ, ಪಟ್ಟಿಯಲ್ಲಿ ಬರೆಯಬೇಕಾದುದು ಕೆಲಸವನ್ನು, ಬಯಕೆಯನ್ನಲ್ಲ. "ತೂಕ ಇಳಿಸಬೇಕು" ಎಂಬುದು ಬಯಕೆ; ಅದನ್ನು ಇಂದು ಮಾಡಿ ಮುಗಿಸಲಾಗದು. "ರಾತ್ರಿಯ ಊಟವನ್ನು ಎಂಟು ಗಂಟೆಯೊಳಗೆ ಮುಗಿಸುವುದು" ಎಂಬುದು ಕೆಲಸ. "ಜ್ಞಾನ ಬೆಳೆಸಿಕೊಳ್ಳಬೇಕು" ಎಂಬುದು ಬಯಕೆ; "ಊಟದ ನಂತರ ಹತ್ತು ಪುಟ ಓದುವುದು" ಕೆಲಸ. "ಕೋಪ ಬಿಡಬೇಕು" ಎಂಬುದಂತೂ ಎಷ್ಟೋ ಜನರ ಪಟ್ಟಿಯಲ್ಲಿ ವರ್ಷಗಟ್ಟಲೆ ಕುಳಿತಿರುತ್ತದೆ. "ಮಗನು ತಡವಾಗಿ ಮನೆಗೆ ಬಂದರೆ ಅವನ ಊಟ ಮುಗಿಯುವವರೆಗೆ ಏನೂ ಕೇಳದಿರುವುದು" ಎಂದು ಬರೆದು ನೋಡಿರಿ. ದಿನದ ಕೊನೆಗೆ "ಆಯಿತು" ಅಥವಾ "ಆಗಲಿಲ್ಲ" ಎಂದು ಒಂದೇ ಮಾತಿನಲ್ಲಿ ಹೇಳಲು ಬಂದರೆ ಅದು ಕೆಲಸ.

ಎರಡನೆಯದಾಗಿ, ಹೊಸ ಕೆಲಸವನ್ನು ಈಗಾಗಲೇ ತಪ್ಪದೆ ನಡೆಯುತ್ತಿರುವ ಹಳೆಯ ಕೆಲಸಕ್ಕೆ ಕಟ್ಟಬೇಕು. ನಿತ್ಯ ಸ್ನಾನ, ಪೂಜೆ, ಊಟ ಇವು ನಮ್ಮ ಮನೆಗಳಲ್ಲಿ ಹೇಳಿಸಿಕೊಳ್ಳದೆ ನಡೆಯುತ್ತವೆ. "ಬೆಳಿಗ್ಗೆ ಪ್ರಾಣಾಯಾಮ" ಎಂದು ಬರೆದರೆ ಬೆಳಗು ಜಾರಿಹೋಗುತ್ತದೆ. "ಸ್ನಾನವಾದೊಡನೆ, ಪೂಜೆಗೆ ಕುಳಿತಾಗ ಮೊದಲು ಐದು ನಿಮಿಷ ಪ್ರಾಣಾಯಾಮ" ಎಂದು ಬರೆದರೆ ನೆಲೆ ಸಿಗುತ್ತದೆ.

ಮೂರನೆಯದಾಗಿ, ಮೂರೇ ಕೆಲಸಗಳು ಸಾಕು. ವ್ಯಾಯಾಮದ ಸಂದರ್ಭದಲ್ಲಿ ವಾಗ್ಭಟರು ಬಲಶಾಲಿಗಳೂ ತಮ್ಮ ಶಕ್ತಿಯ ಅರ್ಧದಷ್ಟು ಮಾತ್ರ, ಅದೂ ಚಳಿಗಾಲ ಮತ್ತು ವಸಂತದಲ್ಲಿ, ಮಾಡಬೇಕೆನ್ನುತ್ತಾರೆ. ಉಳಿದ ಕಾಲದಲ್ಲಿ ಇನ್ನೂ ಕಡಿಮೆ. ಪಟ್ಟಿಗೂ ಈ ಅರ್ಧಶಕ್ತಿಯ ನಿಯಮ ಹೊಂದುತ್ತದೆ. ಉತ್ಸಾಹವಿರುವ ದಿನದ ಅಳತೆಗೆ ಬರೆದ ಪಟ್ಟಿ ಜ್ವರ ಬಂದ ದಿನ, ಮದುವೆಯ ದಿನ, ಬೆಳೆ ಕೊಯ್ಲಿನ ದಿನ ಮುರಿಯುತ್ತದೆ. ಪಟ್ಟಿಯನ್ನು ಹಿಂದಿನ ರಾತ್ರಿಯೇ ಬರೆದಿಡುವುದು ಲೇಸು. ಬೆಳಗಿನ ಗಡಿಬಿಡಿಯಲ್ಲಿ ವಿವೇಚನೆಗೆ ಎಡೆ ಇರುವುದಿಲ್ಲ.

ಕಾಲು ಭಾಗದ ಕ್ರಮ

ಹಳೆಯ ಅಭ್ಯಾಸವನ್ನು ಬಿಡುವವರಿಗೆ ಚರಕರು ಒಂದು ಉಪಾಯವನ್ನು ಹೇಳಿದ್ದಾರೆ. ಅದಕ್ಕೆ ಪಾದಾಂಶಿಕ ಕ್ರಮವೆಂದು ಹೆಸರು. ರೂಢಿಯಾಗಿರುವ ಅಹಿತವನ್ನು ಒಮ್ಮೆಲೇ ಬಿಡದೆ ಕಾಲು ಭಾಗದಂತೆ ಕಡಿಮೆ ಮಾಡುವುದು, ಆ ಜಾಗದಲ್ಲಿ ಹಿತವಾದುದನ್ನು ಕಾಲು ಭಾಗದಂತೆ ತುಂಬುವುದು, ನಡುನಡುವೆ ಅಂತರವಿಟ್ಟು ಮುಂದಿನ ಹೆಜ್ಜೆಗೆ ಹೋಗುವುದು. ಒಂದೇ ದಿನ ಎಲ್ಲವನ್ನೂ ಬಿಟ್ಟವನನ್ನು ದೇಹವೂ ಮನಸ್ಸೂ ಒಪ್ಪುವುದಿಲ್ಲವೆಂಬ ಅರಿವು ಇದರ ಹಿಂದಿದೆ.

ದಿನಕ್ಕೆ ನಾಲ್ಕು ಲೋಟ ಸಕ್ಕರೆಯ ಚಹ ಕುಡಿಯುವವರು ಮೊದಲು ಒಂದು ಲೋಟವನ್ನು ಬಿಟ್ಟು ಆ ಹೊತ್ತಿಗೆ ಮಜ್ಜಿಗೆಯನ್ನೋ ಜೀರಿಗೆ ಕಷಾಯವನ್ನೋ ಕುಡಿಯಲಿ. ಅದು ನೆಲೆಗೊಂಡ ಮೇಲೆ ಎರಡನೆಯ ಲೋಟ. ರಾತ್ರಿ ಹನ್ನೊಂದೂವರೆಗೆ ಮಲಗುವವರು ನಾಳೆಯೇ ಬ್ರಾಹ್ಮೀ ಮುಹೂರ್ತದಲ್ಲಿ ಏಳಲು ಹೋದರೆ ನಿದ್ರಾಹಾನಿಯಾಗುತ್ತದೆ. ಆ ಮುಹೂರ್ತ ಸೂರ್ಯೋದಯಕ್ಕೆ ಸುಮಾರು 96 ನಿಮಿಷ ಮೊದಲು ಆರಂಭವಾಗುತ್ತದೆ. ಅದನ್ನು ಹಿಡಿಯಬೇಕಾದವರು ಮೊದಲು ಮಲಗುವ ಹೊತ್ತನ್ನು ವಾರಕ್ಕೆ ಹದಿನೈದು ನಿಮಿಷ ಹಿಂದಕ್ಕೆ ಸರಿಸಲಿ. ನಡಿಗೆಯೂ ಹಾಗೆಯೇ. ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ಶ್ರಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಐದು ದಿನ ಅರ್ಧ ಗಂಟೆ. ಅದು ಗುರಿ. ಮೊದಲ ವಾರದ ಪಟ್ಟಿಯಲ್ಲಿ ಎಂಟು ನಿಮಿಷ ಇದ್ದರೆ ಸಾಕು.

ಬರಿದಾದ ಮನೆ

ಗುರುತು ಹಾಕುವ ಪದ್ಧತಿಗೆ ಪ್ರಸಿದ್ಧವಾದ ಉದಾಹರಣೆ ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಅವರದು. 1706ರಿಂದ 1790ರವರೆಗೆ ಬಾಳಿದ ಅವರು ಯೌವನದಲ್ಲಿ 13 ಸದ್ಗುಣಗಳನ್ನು ಆರಿಸಿಕೊಂಡು ಒಂದು ಚಿಕ್ಕ ಪುಸ್ತಕ ಮಾಡಿಕೊಂಡಿದ್ದರು. ಗುಣಕ್ಕೊಂದು ಪುಟ, ಪುಟಕ್ಕೆ ವಾರದ ಏಳು ದಿನಗಳ ಮನೆಗಳು. ತಪ್ಪಿದಲ್ಲಿ ಕಪ್ಪು ಚುಕ್ಕೆ. ವಾರಕ್ಕೆ ಒಂದೇ ಗುಣದ ಮೇಲೆ ಹೆಚ್ಚಿನ ಗಮನ. 13 ವಾರಗಳಿಗೆ ಒಂದು ಸುತ್ತು, ವರ್ಷಕ್ಕೆ ನಾಲ್ಕು ಸುತ್ತು. ವಸ್ತುಗಳನ್ನೂ ಸಮಯವನ್ನೂ ಅಚ್ಚುಕಟ್ಟಾಗಿ ಇಡುವ ಗುಣ ತಮಗೆ ಎಂದೂ ಸರಿಯಾಗಿ ಒಲಿಯಲಿಲ್ಲವೆಂದು ಅವರೇ ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾರೆ. ಆದರೂ ಆ ಪ್ರಯತ್ನವೇ ತಮ್ಮನ್ನು ಮೊದಲಿಗಿಂತ ಒಳ್ಳೆಯವನನ್ನಾಗಿ ಮಾಡಿತೆಂಬ ತೃಪ್ತಿ ಅವರಿಗಿತ್ತು.

21 ದಿನ ಮಾಡಿದರೆ ಅಭ್ಯಾಸವಾಗುತ್ತದೆ ಎಂಬ ಮಾತು ಎಲ್ಲೆಡೆ ಹರಡಿದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು 12 ವಾರಗಳ ಕಾಲ ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಒಂದು ಸಣ್ಣ ಕೆಲಸ ತಾನಾಗಿ ನಡೆಯುವಂತಾಗಲು ಬೇಕಾದ ಅಂದಾಜು ಅವಧಿ ಕೆಲವರಿಗೆ 18 ದಿನ, ಕೆಲವರಿಗೆ 254 ದಿನ. ನಡುವಿನ ಅಳತೆ 66 ದಿನ. ಅದೇ ಅಧ್ಯಯನದಲ್ಲಿ ಇನ್ನೊಂದು ಸಮಾಧಾನದ ಅಂಶವೂ ಇದೆ: ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸದ ಬೆಳವಣಿಗೆಗೆ ಹೇಳಿಕೊಳ್ಳುವಂತಹ ಧಕ್ಕೆಯಿಲ್ಲ.

ಆದುದರಿಂದ ಬರಿದಾದ ಮನೆಯನ್ನು ಪಾಪವೆಂದು ಎಣಿಸದೆ, ವೈದ್ಯನು ರೋಗಲಕ್ಷಣವನ್ನು ನೋಡುವಂತೆ ನೋಡಬೇಕು. ಲಕ್ಷಣವನ್ನು ಯಾರೂ ಬಯ್ಯುವುದಿಲ್ಲ, ಅದರ ನಿದಾನವನ್ನು ಹುಡುಕುತ್ತಾರೆ.

ಆ ಶಿಕ್ಷಕರ 19 ಕೆಲಸಗಳನ್ನು ನಾವು ಮೂರಕ್ಕೆ ಇಳಿಸಿದೆವು: ಐದೂವರೆಗೆ ಏಳುವುದು, ಹತ್ತು ನಿಮಿಷ ನಡಿಗೆ, ಎಂಟರೊಳಗೆ ಊಟ. ತಿಂಗಳ ನಂತರ ಚೀಟಿಗಳೊಡನೆ ಬಂದರು. ಊಟದ ಸಾಲು ಬಹುತೇಕ ತುಂಬಿತ್ತು. ನಡಿಗೆ ವಾರಕ್ಕೊಮ್ಮೆ, ಸಂತೆಯ ದಿನ ಮಾತ್ರ ತಪ್ಪುತ್ತಿತ್ತು. ಅಂದು ಸಂತೆಗೆ ನಡೆದೇ ಹೋಗಿಬರುವುದೆಂದು ಪರಿಹಾರವಾಯಿತು. ಆದರೆ ಏಳುವ ಸಾಲಿನಲ್ಲಿ ವಾರಕ್ಕೆ ನಾಲ್ಕೈದು ಮನೆಗಳು ಬರಿದು. "ಸೋಮಾರಿತನ" ಎಂದು ಅವರು ತಲೆ ತಗ್ಗಿಸಿದರು. ರಾತ್ರಿ ನಿದ್ರೆ ಹೇಗೆಂದು ಕೇಳಿದಾಗ, ಮೂತ್ರಕ್ಕೆಂದು ನಾಲ್ಕು ಬಾರಿ ಏಳುವುದಾಗಿಯೂ ವಯಸ್ಸಾದವರಿಗೆ ಇದು ಸಹಜವೆಂದು ಯಾರಿಗೂ ಹೇಳದೆ ಇದ್ದುದಾಗಿಯೂ ತಿಳಿಯಿತು. ರಕ್ತಪರೀಕ್ಷೆ ಮಾಡಿಸಿದೆವು. ಸಕ್ಕರೆ ಹತೋಟಿ ಮೀರಿತ್ತು. ಮಧುಮೇಹ ತಜ್ಞರ ಬಳಿಗೆ ಕಳುಹಿಸಿದೆವು, ಔಷಧ ಬದಲಾಯಿತು, ಕೆಲವು ವಾರಗಳಲ್ಲಿ ರಾತ್ರಿ ಏಳುವುದು ಒಂದು ಬಾರಿಗೆ ಇಳಿಯಿತು. ಬೆಳಗಿನ ಸಾಲು ತಾನಾಗಿಯೇ ತುಂಬತೊಡಗಿತು. ಒಂದು ವರ್ಷ ಅವರು ತಮ್ಮನ್ನು ಸೋಮಾರಿಯೆಂದು ಜರೆದುಕೊಂಡಿದ್ದರು. ರೋಗವು ಆ ಹೆಸರಿನ ಮರೆಯಲ್ಲಿ ಬೆಳೆದಿತ್ತು. ಪಟ್ಟಿ ಇಲ್ಲದಿದ್ದರೆ ಆ ಪ್ರಶ್ನೆಯನ್ನು ನಾವೂ ಕೇಳುತ್ತಿರಲಿಲ್ಲವೇನೋ.

ಕೆಲವು ಎಚ್ಚರಿಕೆಗಳು

ಮಾಡದ ಕೆಲಸಕ್ಕೆ ಗುರುತು ಹಾಕಬಾರದು. ಪಟ್ಟಿಯನ್ನು ಬೇರೆಯವರಿಗೆ ಮೆಚ್ಚುಗೆಗಾಗಿ ತೋರಿಸಬಾರದು, ನೆರೆಯವರ ಪಟ್ಟಿಯೊಡನೆ ಹೋಲಿಸಲೂಬಾರದು. ಒಂದು ಕೆಲಸ ಎರಡು ವಾರ ಸತತವಾಗಿ ತಪ್ಪಿದರೆ ಅದನ್ನು ಅರ್ಧಕ್ಕೆ ಇಳಿಸಬೇಕು ಇಲ್ಲವೇ ಹೊತ್ತನ್ನು ಬದಲಿಸಬೇಕು. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಊಟದ ಹೊತ್ತನ್ನಾಗಲಿ ಪ್ರಮಾಣವನ್ನಾಗಲಿ ತಮ್ಮ ವೈದ್ಯರನ್ನು ಕೇಳದೆ ಬದಲಿಸಬಾರದು. ಹೃದ್ರೋಗವಿರುವವರು ನಡಿಗೆಯ ಅಳತೆಯನ್ನೂ ಕೇಳಿಯೇ ನಿಶ್ಚಯಿಸಬೇಕು. ಕೆಲಸವೇ ಬೇಡವೆನಿಸುವ ಉದಾಸೀನತೆ ಎರಡು ವಾರ ಮೀರಿ ಉಳಿದರೆ, ನಿದ್ರೆ ಹಸಿವುಗಳೂ ಕೆಟ್ಟರೆ, ಅದು ಪಟ್ಟಿಯಿಂದ ಸರಿಹೋಗುವ ವಿಷಯವಲ್ಲ. ಸಂಕೋಚವಿಲ್ಲದೆ ಮನೋವೈದ್ಯರನ್ನು ಕಾಣಬೇಕು.

ತಾಯಂದಿರು ನಮಗೆ ಹೇಳುವ ಮಾತೊಂದುಂಟು: "ನಮ್ಮ ದಿನ ನಮ್ಮ ಕೈಯಲ್ಲೆಲ್ಲಿದೆ?" ಅವರ ಪಟ್ಟಿಯಲ್ಲಿ ಮನೆಯ ಕೆಲಸಗಳನ್ನು ಬರೆಯುವ ಅಗತ್ಯವಿಲ್ಲ, ಅವು ಬರೆಯದಿದ್ದರೂ ನಡೆಯುತ್ತವೆ. ತಮ್ಮ ಆರೋಗ್ಯಕ್ಕಾಗಿ, ತಮ್ಮ ಓದಿಗಾಗಿ ಇಪ್ಪತ್ತು ನಿಮಿಷಗಳ ಒಂದೇ ಕೆಲಸವನ್ನು ಬರೆಯಲಿ. ಆ ಇಪ್ಪತ್ತು ನಿಮಿಷವನ್ನು ಕಾಯ್ದುಕೊಡುವುದು ಮನೆಯ ಉಳಿದವರ ಪಟ್ಟಿಗೆ ಸೇರಲಿ.

ದಿನಚರ್ಯೆಯ ಅಧ್ಯಾಯವನ್ನು ಮುಗಿಸುವಾಗ ವಾಗ್ಭಟರು, ತನ್ನ ಹಗಲು ರಾತ್ರಿಗಳು ಹೇಗೆ ಕಳೆಯುತ್ತಿವೆ ಎಂದು ನಿತ್ಯವೂ ನೆನೆಯುವವನು ದುಃಖಕ್ಕೆ ಗುರಿಯಾಗುವುದಿಲ್ಲವೆಂಬ ಅರ್ಥದ ಮಾತನ್ನು ಹೇಳುತ್ತಾರೆ. ಮಲಗುವ ಮುನ್ನ ಚೀಟಿಯನ್ನು ತೆಗೆದು ನೋಡುವ ಎರಡು ನಿಮಿಷಗಳೇ ಆ ನೆನಹು.

ಆ ಶಿಕ್ಷಕರು ಈಗಲೂ ಬರುತ್ತಾರೆ. ಅವರ ಪಟ್ಟಿಗೆ ನಾಲ್ಕನೆಯ ಕೆಲಸವೊಂದು ಸೇರಿದೆ: ಸಂಜೆ ಓಣಿಯ ಮಕ್ಕಳಿಗೆ ಅರ್ಧ ಗಂಟೆ ಗಣಿತ. ನಮ್ಮ ಚೀಟಿಯಲ್ಲಿ ನಿನ್ನೆ ನಡಿಗೆಯ ಮನೆ ಬರಿದಾಗಿದೆ, ಮಳೆಯಿತ್ತು. ಇಂದು ಚಿಕಿತ್ಸಾಲಯದ ಪಡಸಾಲೆಯಲ್ಲೇ ನಡೆಯುವುದೆಂದು ಬರೆದುಕೊಂಡಿದ್ದೇವೆ. ಸದ್ಭಕ್ತರು ಇಂದು ರಾತ್ರಿ ಮಲಗುವ ಮುನ್ನ ಒಂದು ತುಂಡು ಕಾಗದವನ್ನು ತೆಗೆದುಕೊಂಡು ನಾಳೆಯ ಮೂರು ಸಣ್ಣ ಕೆಲಸಗಳನ್ನು ಬರೆದಿಟ್ಟುಕೊಳ್ಳಲಿ ಎಂಬುದು ನಮ್ಮ ವಿನಂತಿ. ಎಲ್ಲರಿಗೂ ಆಯುರಾರೋಗ್ಯವುಂಟಾಗಲಿ. ಶರಣು.