ಶ್ರವಣಯಂತ್ರವೂ ಹಳ್ಳಿಯ ಮನೆಯೂ

ವಿಜ್ಞಾನವು ಯಂತ್ರವನ್ನು ನಿರ್ಮಿಸಿ ಕೊಡಬಲ್ಲದು. ಆದರೆ ಆ ಯಂತ್ರವು ಬಡವನ ಮನೆಯಲ್ಲಿ ಉಪಯೋಗಕ್ಕೆ ಬಂದಿತೇ ಇಲ್ಲವೇ ಎಂಬುದನ್ನು ವಿಚಾರಿಸಿಕೊಂಡು ಬರಲು ಮನುಷ್ಯನೇ ಬೇಕು. ಜನಸಂಪರ್ಕವನ್ನೂ ಆರೋಗ್ಯಯಂತ್ರಗಳನ್ನೂ ಜೊತೆಗೂಡಿಸಿ ಸಂಶೋಧನೆ ನಡೆಸುವವರಿಗಾಗಿ ವಿಶ್ವವಿದ್ಯಾನಿಲಯಗಳಲ್ಲಿ ಹುದ್ದೆಗಳು ಏರ್ಪಡುತ್ತಿರುವ ಈ ಕಾಲದಲ್ಲಿ, ಆ ಹುದ್ದೆಯ ಯೋಗ್ಯತೆಯೇನೆಂಬುದನ್ನು ನಮ್ಮ ಅಧಿಕಾರಿಗಳೂ ನಾಗರಿಕರೂ ಆಲೋಚಿಸುವುದು ಅವಶ್ಯಕ.

ಇದಕ್ಕೆ ದೂರದ ನಿದರ್ಶನ ಬೇಕಿಲ್ಲ. ಮೈಸೂರಿನ ಜಯಲಕ್ಷ್ಮಿಪುರಂ ಬಡಾವಣೆಯ ಮಗ್ಗುಲಲ್ಲಿರುವ ಮಾನಸಗಂಗೋತ್ರಿಯಲ್ಲಿ, 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಿದೆ. ನಿದ್ರಿಸುತ್ತಿರುವ ಹಸುಗೂಸಿನ ಕಿವಿಯಲ್ಲಿ ಸಣ್ಣದೊಂದು ನಳಿಗೆಯನ್ನಿಟ್ಟು ಶಬ್ದ ಮಾಡಿದರೆ, ಆರೋಗ್ಯವಾದ ಒಳಗಿವಿಯು ಅತಿ ಸೂಕ್ಷ್ಮವಾದ ಮರುಶಬ್ದವನ್ನು ಹೊರಡಿಸುತ್ತದೆ; ಯಂತ್ರವು ಅದನ್ನು ಗ್ರಹಿಸುತ್ತದೆ. ಮಗು ಉತ್ತರ ಹೇಳಬೇಕಾದುದಿಲ್ಲ. ಒಂದು ತಿಂಗಳೊಳಗೆ ಪರೀಕ್ಷೆ, ಮೂರು ತಿಂಗಳೊಳಗೆ ನಿರ್ಣಯ, ಆರು ತಿಂಗಳೊಳಗೆ ಚಿಕಿತ್ಸೆಯ ಆರಂಭ—ಇದು ತಜ್ಞರು ಅಂಗೀಕರಿಸಿರುವ ನಿಯಮ. ಮಾತು ಮೊಳೆಯುವ ಆ ಕಾಲವನ್ನು ಕಳೆದುಕೊಂಡ ಮಗುವಿಗೆ ಮುಂದೆ ಎಷ್ಟು ಹಣ ವೆಚ್ಚಮಾಡಿದರೂ ಅದನ್ನು ಪೂರ್ಣವಾಗಿ ಹಿಂದಕ್ಕೆ ಕೊಡಲಾಗದು.

ಸಂಸ್ಥೆಯವರು ಅಕ್ಕಿಹೆಬ್ಬಾಳು, ಹುಲ್ಲಹಳ್ಳಿ, ಗುಂಬಳ್ಳಿಗಳ ಪ್ರಾಥಮಿಕ ಆರೋಗ್ಯ ಕೇಂದ್ರಗಳವರೆಗೂ ತಮ್ಮ ಸೇವೆಯನ್ನು ಕೊಂಡೊಯ್ದುದು ಸ್ತುತ್ಯವಾದ ಕಾರ್ಯ. ಆದರೆ ತೊಡಕು ಕೇಂದ್ರದ ಬಾಗಿಲಿನಿಂದಾಚೆಗೂ ಉಂಟು. “ಇವರಪ್ಪನೂ ತಡವಾಗಿಯೇ ಮಾತು ಕಲಿತ” ಎಂದು ಅಜ್ಜಿ ಸಮಾಧಾನ ಹೇಳುವಳು. ಯಂತ್ರ ತೊಟ್ಟ ಹುಡುಗಿಯನ್ನು ನಾಳೆ ಯಾರು ಮದುವೆಯಾಗುವರೆಂದು ತಂದೆ ಅಂಜುವನು. ಮಗು ಬೆಳೆದಂತೆ ಕಿವಿಯ ಅಚ್ಚನ್ನು ಮತ್ತೆ ಮತ್ತೆ ಮಾಡಿಸಬೇಕು. ಬೆವರಿನಿಂದಲೂ ಧೂಳಿನಿಂದಲೂ ಯಂತ್ರ ಕೆಡುತ್ತದೆ. ಬ್ಯಾಟರಿ ಮುಗಿದರೆ ಪೇಟೆಗೆ ಹೋಗಬೇಕು, ಹೋದ ದಿನದ ಕೂಲಿ ಹೋಯಿತು. ಯಂತ್ರವು ಪೆಟ್ಟಿಗೆಯೊಳಗೆ ಸೇರುತ್ತದೆ. ಸರ್ಕಾರದ ಲೆಕ್ಕದಲ್ಲಿ ಮಾತ್ರ ಅದು ವಿತರಣೆಯಾದ ಯಂತ್ರವಾಗಿಯೇ ಉಳಿಯುತ್ತದೆ.

ಜನರ ವಿಶ್ವಾಸದಿಂದ ವಿಜ್ಞಾನಕ್ಕೆ ಎಷ್ಟು ಲಾಭವೆಂಬುದನ್ನು ಇದೇ ನಗರದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಎಂದರೆ ನಮ್ಮ ಮಿಷನ್ ಆಸ್ಪತ್ರೆ, ತೋರಿಸಿಕೊಟ್ಟಿದೆ. 1934ರಿಂದ ಅಲ್ಲಿ ಹುಟ್ಟಿದ ಶಿಶುಗಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಬರೆದಿಟ್ಟಿದ್ದರು. ದಶಕಗಳ ತರುವಾಯ ಇಂಗ್ಲೆಂಡಿನ ಸೌತಾಂಪ್ಟನ್ನಿನ ವಿದ್ವಾಂಸರೊಡಗೂಡಿ, ಹಾಗೆ ಹುಟ್ಟಿದವರನ್ನು ಮನೆಮನೆಗೆ ಹೋಗಿ ಹುಡುಕಿ, ಮಧುಮೇಹ ಹೃದ್ರೋಗಗಳಿಗೂ ಜನನಕಾಲದ ಸ್ಥಿತಿಗೂ ಇರುವ ಸಂಬಂಧವನ್ನು ಶೋಧಿಸಿದರು. 1997-98ರಲ್ಲಿ ಗರ್ಭಿಣಿಯರನ್ನು ಸೇರಿಸಿಕೊಂಡು, ಅವರ ಮಕ್ಕಳನ್ನು ವರ್ಷವರ್ಷಗಳ ಕಾಲ ಪರೀಕ್ಷಿಸುತ್ತ ಬಂದರು. ಕರೆದಾಗಲೆಲ್ಲ ಆ ಕುಟುಂಬಗಳು ಬಾರದೆ ಹೋಗಿದ್ದರೆ ಯಾವ ಉಪಕರಣವೂ ಏನನ್ನೂ ಹೇಳುತ್ತಿರಲಿಲ್ಲ.

ಆಶಾ ಕಾರ್ಯಕರ್ತೆಯರೂ ಅಂಗನವಾಡಿಯವರೂ ಇರುವಾಗ ಮತ್ತೊಂದು ಹುದ್ದೆಯೇಕೆಂದು ಕೆಲವರು ಕೇಳಬಹುದು. ಅವರ ಹೆಗಲ ಮೇಲೆ ಈಗಲೇ ಹೊರಲಾರದ ಹೊರೆಯಿದೆ. ಅಲ್ಲದೆ ಅವರು ಮೇಲಿನ ಅಪ್ಪಣೆಯನ್ನು ಕೆಳಕ್ಕೆ ಮುಟ್ಟಿಸತಕ್ಕವರು. ಕೆಳಗಿನ ಅನುಭವವನ್ನು ಮೇಲಕ್ಕೆ ಒಯ್ದು, ಯಂತ್ರವನ್ನೇ ತಿದ್ದಿಸುವ ಅಧಿಕಾರ ಅವರಿಗಿಲ್ಲ. ಸಂಶೋಧಕನಿಗೆ ಇರಬೇಕಾದುದು ಆ ಅಧಿಕಾರ.

ಆದುದರಿಂದ ನಮ್ಮ ಸೂಚನೆ ಇಷ್ಟು. ಈ ಹುದ್ದೆಯು ಧನಸಹಾಯ ತೀರಿದೊಡನೆ ತೀರುವ ಎರಡು ವರ್ಷದ ಕೆಲಸವಾಗಬಾರದು. ವಿಶ್ವಾಸವು ಎರಡು ವರ್ಷದಲ್ಲಿ ಬೆಳೆಯುವ ಬೆಳೆಯಲ್ಲ. ಪ್ರಯೋಗಶಾಲೆಯ ವಿದ್ವಾಂಸನಿಗಿರುವ ಸ್ಥಾನಮಾನವೇ ಇವನಿಗೂ ಇರಬೇಕು. ಒಪ್ಪಿಗೆಯ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸುವ ಮುನ್ನ ಅದರ ಅರ್ಥವನ್ನು ತಿಳಿಗನ್ನಡದಲ್ಲಿ ಹೇಳಬಲ್ಲವನಾಗಿರಬೇಕು. ಕಂಡುಕೊಂಡ ಸಂಗತಿಯನ್ನು ವಿದೇಶದ ಪತ್ರಿಕೆಗೆ ಕಳುಹಿಸುವಂತೆಯೇ ಆ ಹಳ್ಳಿಯ ಜಗಲಿಗೂ ಹಿಂದಿರುಗಿ ಬಂದು ಒಪ್ಪಿಸಬೇಕು. ಎಷ್ಟು ಯಂತ್ರಗಳನ್ನು ಹಂಚಿದೆವೆಂಬ ಲೆಕ್ಕ ಇನ್ನು ಸಾಕು. ವರ್ಷದ ಕೊನೆಗೆ ಎಷ್ಟು ಮಕ್ಕಳ ಕಿವಿಯಲ್ಲಿ ಅವು ಇನ್ನೂ ಇವೆ, ಎಷ್ಟು ಮಕ್ಕಳು ತಾಯಿಯನ್ನು ಅಮ್ಮ ಎಂದು ಕರೆದರು ಎಂಬ ಲೆಕ್ಕವನ್ನು ಸರ್ಕಾರವೂ ವಿಶ್ವವಿದ್ಯಾನಿಲಯವೂ ಪ್ರಜೆಗಳ ಮುಂದಿಡಲಿ.