ನಿಮಗಿದು ಗೊತ್ತೆ? ಮೊರನಾಳದ ಭೀಮವ್ವ ಅಜ್ಜಿಯ ಸಾಧನೆ
2025ರಲ್ಲಿ ಪದ್ಮಶ್ರೀಗೆ ಪಾತ್ರರಾದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ನಮ್ಮದೇ ಕೊಪ್ಪಳ ಜಿಲ್ಲೆಯ ಮೊರನಾಳದವರು. 14ನೇ ವಯಸ್ಸಿಗೆ ತೊಗಲುಗೊಂಬೆ ಹಿಡಿದವರು 70ಕ್ಕೂ ಹೆಚ್ಚು ವರ್ಷ ಅದನ್ನು ಕೈಬಿಡಲಿಲ್ಲ. ಪ್ರಶಸ್ತಿ ಪ್ರಕಟವಾದಾಗ ಅವರಿಗೆ 96 ವರ್ಷ!

ಹದಮಾಡಿದ ತೊಗಲಿನ ಬಣ್ಣದ ಗೊಂಬೆ, ಹಿಂದೆ ದೀಪ, ಮುಂದೆ ಬಿಳಿ ಪರದೆ. ಗೊಂಬೆ ಕುಣಿಸುತ್ತಲೇ ರಾಮಾಯಣ, ಮಹಾಭಾರತದ ಪಾತ್ರಗಳಿಗೆ ದನಿ ಬದಲಿಸಬೇಕು, ಹಾಡಲೂ ಬೇಕು. ಒಂದೆರಡು ತಿಂಗಳಲ್ಲಿ ಬರುವ ವಿದ್ಯೆಯಲ್ಲ ಇದು. ಮನೆಯ ಹಿರಿಯರ ಪಕ್ಕ ಕೂತು, ಆಟದಿಂದ ಆಟಕ್ಕೆ ಇಷ್ಟಿಷ್ಟೇ ಕೈಗೂ ಬಾಯಿಗೂ ಹತ್ತುವಂಥದ್ದು. ಹಾಗೆ ಹತ್ತಿದ ಕಲೆಯನ್ನು ಅವರು ಅಮೆರಿಕ, ಪ್ಯಾರಿಸ್, ಇಟಲಿವರೆಗೂ ಒಯ್ದರು.

ಮರಳಿಯಿರಲಿ, ಕುಷ್ಟಗಿಯಿರಲಿ, ನಿಮ್ಮೂರ ಜಾತ್ರೆಗೆ ಒಂದು ಗೊಂಬೆಯಾಟ ಕರೆಸಿ, ಮಕ್ಕಳನ್ನು ಮುಂದಿನ ಸಾಲಿನಲ್ಲಿ ಕೂರಿಸಿ.